ಮೂರು ಕೃತಿಗಳ ಆಯ್ಕೆ

ಸಲಿಂಗಾನುರಾಗವನ್ನು ವಸ್ತುವಾಗುಳ್ಳ ಮೂರು ಕೃತಿಗಳನ್ನು ತಿಂಗಳೊಳಗೆ ಓದಿ ಮುಗಿಸಬೇಕೆಂದು ನಮ್ಮ ಓದುಗರ ಬಳಗವು ಪಣ ತೊಟ್ಟಿತು. ಆಯ್ಕೆಯ ಹೊಣೆ ನನ್ನ ಪಾಲಿಗೆ ಬಂದಿತು.

ಮೊದಲು ನೆನಪಾದುದು ಇ. ಎಂ. ಫಾರ್ಸ್ಟರನ ‘ಮಾರಿಸ್’. 1914ರಲ್ಲಿ ಬರೆದು ಮುಗಿಸಿದ ಆ ಕಾದಂಬರಿ, ಕರ್ತೃವು ತೀರಿಕೊಂಡ ಮೇಲೆ, 1971ರಲ್ಲಿ ಅಚ್ಚಾಯಿತು. ಇಸ್ಮತ್ ಚುಗ್ತಾಯಿಯವರ ಉರ್ದು ಕಥೆ ‘ಲಿಹಾಫ್’ 1942ರಲ್ಲಿ ಪ್ರಕಟವಾಗಿ, ಅಶ್ಲೀಲತೆಯ ಆರೋಪದ ಮೇಲೆ ಲೇಖಕಿಯನ್ನು ಲಾಹೋರಿನ ನ್ಯಾಯಾಲಯಕ್ಕೆ ಎಳೆಯಿತು. ಮೂರನೆಯದು ನಮ್ಮ ನುಡಿಯದೇ ಇರಲೆಂದು ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ಯನ್ನು (2013) ಸೇರಿಸಿದೆನು.

ಅದನ್ನು ಎರವಲು ಪಡೆಯಲು ಬಂದ ವಿದ್ಯಾರ್ಥಿಯೊಬ್ಬನು, “ಬೈಂಡು ಹಾಕಿ ಕೊಡಿ ಸಾರ್, ಮನೆಯಲ್ಲಿ ಹೆಸರು ಕಾಣಬಾರದು” ಎಂದನು. ಸಲಿಂಗಪ್ರೇಮವು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿಯೇ ತೀರ್ಪಿತ್ತಿದೆ. ಆ ಹುಡುಗನ ಮನೆಗೆ ಅದಿನ್ನೂ ತಲಪಿಲ್ಲ. ಹೊದಿಕೆಯ ಮರೆಯಲ್ಲಾದರೂ ಓದಲೆಂದು ಕಂದುಕಾಗದವನ್ನು ಮಡಿಸಿ ಹಾಕಿಕೊಟ್ಟೆನು.