ದ್ರವ್ಯ ಸೆಳೆಯುವ ಯಮಳ ನಕ್ಷತ್ರಗಳ ರೋಹಿತ ಪರೀಕ್ಷೆ

ಯಮಳ ನಕ್ಷತ್ರಗಳಲ್ಲಿ ಕೆಲವು ಒಂದಕ್ಕೊಂದು ಬಹು ಸಮೀಪದಲ್ಲಿರುವುದರಿಂದ, ದೊಡ್ಡ ದೂರದರ್ಶಕದಲ್ಲಿಯೂ ಒಂದೇ ಬೆಳಕಿನ ಚುಕ್ಕೆಯಾಗಿ ತೋರುತ್ತವೆ. ಅವುಗಳಲ್ಲಿ ಒಂದು ಮತ್ತೊಂದರ ದ್ರವ್ಯವನ್ನು ಸೆಳೆದುಕೊಳ್ಳುತ್ತಿದೆಯೆಂದು ತಿಳಿಯುವ ಬಗೆ ಹೇಗೆ? ಇದಕ್ಕೆ ರೋಹಿತವೇ ಮೊದಲ ಸಾಕ್ಷಿ.

ಉರಗಧರ ಮಂಡಲದ ‘ಆರ್. ಎಸ್.’ ನಕ್ಷತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು 1898, 1933, 1958, 1967, 1985, 2006 ಮತ್ತು 2021ರಲ್ಲಿ ಹಠಾತ್ತನೆ ಉಜ್ವಲಿಸಿದ ನವ್ಯತಾರೆ. 1985ರ ಸ್ಫೋಟದ ರೋಹಿತಗಳನ್ನು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಜಿ. ಸಿ. ಅನುಪಮಾ ಮತ್ತು ಟಿ. ಪಿ. ಪ್ರಭು ಅವರು ಕಾವಲೂರಿನ ವೀಕ್ಷಣಾಲಯದ ನೆರವಿನಿಂದ ಅಭ್ಯಸಿಸಿ, 1989ರಲ್ಲಿ ಪ್ರಕಟಿಸಿದರು.

ಸ್ಫೋಟವಿಲ್ಲದ ಕಾಲದಲ್ಲಿ ಇದರ ರೋಹಿತವು ಒಂದು ವಿರೋಧಾಭಾಸವನ್ನು ತೋರುತ್ತದೆ. ಕೆಂಪು ಭಾಗದಲ್ಲಿ ಟೈಟಾನಿಯಂ ಆಕ್ಸೈಡಿನ ಕಪ್ಪು ಪಟ್ಟಿಗಳಿವೆ. ಹೆಚ್ಚಿನ ಶಾಖದಲ್ಲಿ ಈ ಅಣುಗಳು ಒಡೆದುಹೋಗುವುದರಿಂದ, ಅಲ್ಲಿ ತಂಪಾದ ಕೆಂಪುದೈತ್ಯವೊಂದು ಇರತಕ್ಕದ್ದು. ಅದೇ ರೋಹಿತದಲ್ಲಿ ಜಲಜನಕ ಮತ್ತು ಹೀಲಿಯಂಗಳ ಉಜ್ವಲ ರೇಖೆಗಳೂ ಇವೆ. ಇವನ್ನು ಹೊತ್ತಿಸಲು ಬೇಕಾದ ಅತಿನೇರಿಳೆ ಕಿರಣಗಳು ಅಂಥ ತಂಪು ನಕ್ಷತ್ರದಿಂದ ಹೊರಡಲಾರವು. ಆದುದರಿಂದ ಬಿಸಿಯಾದ ಜೊತೆಗಾರನೊಬ್ಬನನ್ನು ಊಹಿಸಬೇಕಾಗುತ್ತದೆ; ಇಲ್ಲಿ ಅದು ಶ್ವೇತಕುಬ್ಜ.

ಆದರೆ ಈ ಊಹೆಯೊಂದೇ ಸಾಲದು. ಮೀರಾ ವರ್ಗದ ಒಂಟಿ ಕೆಂಪುದೈತ್ಯಗಳು ಸ್ಪಂದಿಸುವಾಗಲೂ ಜಲಜನಕದ ಉಜ್ವಲ ರೇಖೆಗಳು ಮೂಡುತ್ತವೆ. ಎರಡನೆಯ ಪರೀಕ್ಷೆ ಡಾಪ್ಲರ್ ಪಲ್ಲಟ. ಕೆಂಪುದೈತ್ಯದ ರೇಖೆಗಳು ಸುಮಾರು 455 ದಿನಗಳಿಗೊಮ್ಮೆ ನೀಲಿಯತ್ತ, ಕೆಂಪಿನತ್ತ ಸರಿದು ಮರಳುವುದರಿಂದ ಪರಿಭ್ರಮಣವು ಸಿದ್ಧವಾಗುತ್ತದೆ. ಇದನ್ನು ಅಳೆಯಲು ವರ್ಷಾನುಗಟ್ಟಲೆಯ ವೀಕ್ಷಣೆ ಬೇಕು. ಅಂಥ ಕಾರ್ಯಕ್ಕೆ ಒದಗುವ ಸಾಧನಗಳಲ್ಲಿ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವೂ ಒಂದು. 4,500 ಮೀಟರ್ ಎತ್ತರದ ಆ ಯಂತ್ರವನ್ನು ನಮ್ಮ ಹೊಸಕೋಟೆಯಿಂದಲೇ ಉಪಗ್ರಹದ ಮೂಲಕ ನಡೆಸುತ್ತಾರೆ.

ದ್ರವ್ಯವು ಹರಿಯುತ್ತಿದೆಯೆಂಬುದಕ್ಕೆ ಮೂರನೆಯ ಸಾಕ್ಷ್ಯ ಬೇಕು. ಶ್ವೇತಕುಬ್ಜದ ಸುತ್ತ ತಟ್ಟೆಯಾಗಿ ಸುತ್ತುವ ಅನಿಲದ ಬೆಳಕು ನಿಮಿಷಗಳ ಅವಧಿಯಲ್ಲಿ ಏರಿಳಿಯುತ್ತದೆ. 2006ರ ಸ್ಫೋಟದ ತರುವಾಯ ಈ ಏರಿಳಿತ ನಿಂತುಹೋಗಿ, ಸುಮಾರು ಎಂಟು ತಿಂಗಳಲ್ಲಿ ಪುನಃ ಕಾಣಿಸಿಕೊಂಡಿತು. ಎಂದರೆ ಹರಿವು ಮತ್ತೆ ಆರಂಭವಾಗಿತ್ತು.

ಈ ಲೆಕ್ಕಾಚಾರದಿಂದ ಪ್ರಯೋಜನವೇನು? ಶ್ವೇತಕುಬ್ಜದ ದ್ರವ್ಯರಾಶಿ ಸೂರ್ಯನ ಸುಮಾರು 1.4 ಪಟ್ಟನ್ನು ಮೀರಲಾರದೆಂದು ಚಂದ್ರಶೇಖರರು ತೋರಿಸಿದರು. ಸೆಳೆದ ಜಲಜನಕ ಮೇಲ್ಮೈಯಲ್ಲಿ ಶೇಖರಗೊಂಡು ಸಿಡಿಯುವುದೇ ನವ್ಯಸ್ಫೋಟ. ಪ್ರತಿ ಸಲವೂ ಕಳೆದುಕೊಂಡದ್ದಕ್ಕಿಂತ ಉಳಿಸಿಕೊಂಡದ್ದು ಹೆಚ್ಚಾದರೆ, ಆ ನಕ್ಷತ್ರವು ಮಿತಿಯನ್ನು ಸಮೀಪಿಸಿ, ಒಂದು ದಿನ ಪೂರ್ತಿಯಾಗಿ ಸಿಡಿದುಹೋಗಬಹುದು. ಅಂಥ ಮಹಾಸ್ಫೋಟಗಳಿಂದಲೇ ದೂರದ ಗೆಲಕ್ಸಿಗಳ ಅಂತರವನ್ನು ಅಳೆಯುತ್ತಾರಾದುದರಿಂದ, ಈ ಜೋಡಿಗಳ ಆಯವ್ಯಯವನ್ನು ಅರಿಯುವುದು ವಿಶ್ವದ ಅಳತೆಗೂ ಅವಶ್ಯಕವಾಗಿದೆ.