ಏಳು ಕೆ.ಜಿ. ನಾಯಿ, ಎಪ್ಪತ್ತು ಕೆ.ಜಿ. ಸಿಟ್ಟು

ನಮ್ಮ ನಾಯಿಯ ಹೆಸರು ಕಡ್ಲೆ. ತಿಪಟೂರಿನ ಮನೆಯಲ್ಲಿ ಈ ಹೆಸರು ಕೇಳಿ ಯಾರೂ ನಗಲಿಲ್ಲ. ಚೆನ್ನೈನಲ್ಲಿ ಎಲ್ಲರೂ ನಕ್ಕರು. ಇಲ್ಲಿ 'ಕಡಲೈ ಪೋಡುವುದು' ಎಂದರೆ ಹುಡುಗ ಹುಡುಗಿ ನಿಂತಲ್ಲೇ ನಿಂತು ಗಂಟೆಗಟ್ಟಲೆ ಹರಟುವುದು. ಕಡ್ಲೆ ಹೆಸರಿಗೆ ತಕ್ಕಂತೆ ಸಿಕ್ಕ ನಾಯಿಗಳ ಜೊತೆ ಹರಟುವವನಾಗಿದ್ದರೆ ನಾನು ಈ ಲೇಖನ ಬರೆಯಬೇಕಿರಲಿಲ್ಲ. ಬೇರೆ ನಾಯಿ ಕಂಡರೆ ಸಾಕು, ಏಳು ಕೆ.ಜಿ.ಯ ಈ ಗಿಡ್ಡ ಕಾಲಿನ ಡ್ಯಾಷ್‌ಹೌಂಡ್ ಬೀದಿಯೇ ತನ್ನ ಅಪ್ಪನದು ಎಂಬಂತೆ ಎರಗುತ್ತಿದ್ದ.

ಊರು ಬಿಟ್ಟು ಬಂದು ಫ್ಲ್ಯಾಟಿನಲ್ಲಿ ನಾಯಿ ಸಾಕಿರುವ ನಿಮಗೆ ಇದು ಗೊತ್ತಿರುತ್ತದೆ. ದೊಡ್ಡ ನಾಯಿ ಗುರ್ರೆಂದರೆ ಜನ ಹೆದರುತ್ತಾರೆ, ಸಣ್ಣ ನಾಯಿ ಗುರ್ರೆಂದರೆ ನಗುತ್ತಾರೆ. ನಾವೂ ಎರಡೂವರೆ ವರ್ಷ ನಕ್ಕೆವು. 'ಪೌರುಷ ನೋಡು ಇವನದು' ಎನ್ನುತ್ತಾ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ನಡೆದೆವು. ನಗು ನಿಂತದ್ದು 2023ರ ಡಿಸೆಂಬರ್ 4ರ ರಾತ್ರಿ.

ಅದು ಮಿಚಾಂಗ್ ಚಂಡಮಾರುತದ ಮಳೆ. ವೇಲಚೇರಿಯ ನಮ್ಮ ಬೀದಿಯಲ್ಲಿ ಸೊಂಟದವರೆಗೆ ನೀರು. ಕರೆಂಟ್ ಇಲ್ಲ, ಫೋನ್ ಇಲ್ಲ. ಕೆಳಗಿನ ಪಾರ್ಕಿಂಗ್ ಮುಳುಗಿದ್ದರಿಂದ ಬೀದಿಯ ಮೂರು ನಾಯಿಗಳು ಮೆಟ್ಟಿಲು ಹತ್ತಿ ಮೊದಲ ಮಹಡಿಯಲ್ಲಿ ಮುದುಡಿ ಮಲಗಿದ್ದವು. ಕಡ್ಲೆಯನ್ನು ಟಾರ್ಚ್ ಹಿಡಿದು ಟೆರೇಸಿಗೆ ಕರೆದೊಯ್ಯುತ್ತಿದ್ದೆ. ಕೆಳಗಿನಿಂದ ವಾಸನೆ ಬಂದದ್ದೇ ತಡ, ಕಾಲರ್‌ನಿಂದ ತಲೆ ನುಣುಚಿಸಿಕೊಂಡು ಮೆಟ್ಟಿಲಿಳಿದು ಹಾರಿದ. ಅವನ ಹಲ್ಲಿಗೆ ಸಿಕ್ಕಿದ್ದು ಮಣಿಯ ಮೂಗು. ಮಣಿ ಎಂದರೆ ಬೀದಿ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟಿರುವ ಅಣ್ಣನ ನಾಯಿ. ಇಪ್ಪತ್ತು ಕೆ.ಜಿ. ತೂಗುವ ಮಣಿ ಮನಸ್ಸು ಮಾಡಿದ್ದರೆ ಕಡ್ಲೆಯ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದು ಇವನನ್ನು ನೆಲಕ್ಕೆ ಒತ್ತಿ ಹಿಡಿಯಿತು, ಅಷ್ಟೆ. ಬಿಡಿಸಲು ಕೈ ಹಾಕಿದ ನನ್ನ ಅಂಗೈಗೆ ಹಲ್ಲು ಇಳಿದಿತ್ತು.

ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು ಎಂದು ಓದಿದ್ದು ನೆನಪಿತ್ತು. ನಲ್ಲಿಯಲ್ಲಿ ನೀರಿರಲಿಲ್ಲ, ಕುಡಿಯುವ ನೀರಿನ ಕ್ಯಾನನ್ನೇ ಬಗ್ಗಿಸಿ ತೊಳೆದೆ. ಕತ್ತಲಲ್ಲಿ ಕಚ್ಚಿದ ಹಲ್ಲು ಯಾರದೆಂದು ಹೇಳುವಂತಿರಲಿಲ್ಲ. ನೀರಿಳಿದ ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಶುರು ಮಾಡಿಸಿದೆ. ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕು ಸಲವೂ ಸಾಲಿನಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿಕೊಂಡೆ: ಮುಂದಿನ ಸಲ ಆ ಮೆಟ್ಟಿಲಲ್ಲಿ ಒಂದು ಮಗು ಇದ್ದರೆ?

ಐದು ತಿಂಗಳ ನಂತರ ಇಡೀ ಊರು ಅದನ್ನೇ ಕೇಳತೊಡಗಿತು. 2024ರ ಮೇ 5ರಂದು ನುಂಗಂಬಾಕ್ಕಂನ ಕಾರ್ಪೊರೇಷನ್ ಪಾರ್ಕಿನಲ್ಲಿ ಎರಡು ರಾಟ್‌ವೀಲರ್ ನಾಯಿಗಳು ಐದು ವರ್ಷದ ಬಾಲಕಿಯ ಮೇಲೆ ಎರಗಿ ತೀವ್ರವಾಗಿ ಗಾಯಗೊಳಿಸಿದವು. ಪರವಾನಗಿ ಇಲ್ಲದ ನಾಯಿಗಳ ಬಗ್ಗೆ ಪಾಲಿಕೆ ಬಿಗಿಯಾಯಿತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸಭೆ ಸೇರಿತು. ಮಿಚಾಂಗ್ ರಾತ್ರಿಯ ವಿಷಯ ಮೇಲೆ ಬಂತು. ಮೂರು ತಿಂಗಳಲ್ಲಿ ನಾಯಿ ಸರಿಹೋಗದಿದ್ದರೆ ಬೇರೆ ಕಡೆ ಬಿಟ್ಟುಬನ್ನಿ ಎಂದರು.

ಸಾಕುನಾಯಿಯನ್ನು ಹೊರಹಾಕಿ ಎನ್ನುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ. 2015ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲೇ ಅದಿದೆ. ರುಕ್ಮಿಣಿ ದೇವಿ ಅರುಂಡೇಲ್ ಅವರ ನೇತೃತ್ವದಲ್ಲಿ 1962ರಲ್ಲಿ ಶುರುವಾದ ಆ ಮಂಡಳಿಯ ಕಚೇರಿ ಬಹುಕಾಲ ಇದೇ ಚೆನ್ನೈನಲ್ಲಿತ್ತು. ಮಾರ್ಗಸೂಚಿಯ ಪ್ರಿಂಟ್ ಬ್ಯಾಗಿನಲ್ಲಿ ಇಟ್ಟುಕೊಂಡೇ ಸಭೆಗೆ ಹೋಗಿದ್ದೆ. ಆದರೆ ಎರಡನೇ ಮಹಡಿಯ ಗರ್ಭಿಣಿ ಹೆಣ್ಣುಮಗಳು 'ಲಿಫ್ಟ್ ಬಾಗಿಲು ತೆಗೆಯೋಕೆ ಭಯ ಆಗುತ್ತೆ ಅಕ್ಕಾ' ಎಂದಾಗ ಅದನ್ನು ಹೊರಗೆ ತೆಗೆಯಲು ಮನಸ್ಸಾಗಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. 'ಕಳಿಸ್ಬಿಡೇ ಇಲ್ಲಿಗೆ. ತೋಟದಲ್ಲಿ ಒಂದ್ ಹಗ್ಗ ಹಾಕಿ ಕಟ್ತೀವಿ, ಬೊಗಳ್ಕೊಂಡ್ ಬಿದ್ದಿರ್ಲಿ' ಎಂದಳು. ನನ್ನ ಗಂಡನಿಗೂ ಅದೇ ಸರಿ ಅನ್ನಿಸಿತ್ತು. ಸೋಫಾದ ಮೇಲೆ ನನ್ನ ಕಾಲಿಗೆ ಬೆನ್ನು ತಾಗಿಸಿ ಮಲಗಿದ್ದ ಕಡ್ಲೆಯನ್ನು ನೋಡಿದೆ. ಮೂರು ತಿಂಗಳು ಕೊಡಿ ಎಂದೆ.

ಮೊದಲು ಪಶುವೈದ್ಯೆಯ ಬಳಿ ಹೋದೆವು. ಅವರು ಸ್ವಭಾವದ ಮಾತೆತ್ತುವ ಮೊದಲು ಕಡ್ಲೆಯ ಬೆನ್ನು ಒತ್ತಿ ನೋಡಿದರು. ಈ ತಳಿಯ ಉದ್ದ ಬೆನ್ನಿನಲ್ಲಿ ಡಿಸ್ಕ್ ಜಾರುವ ತೊಂದರೆ ಹೆಚ್ಚು, ನೋವಿರುವ ನಾಯಿ ಹತ್ತಿರ ಬಂದವರಿಗೆಲ್ಲ ಹಲ್ಲು ತೋರಿಸುತ್ತದೆ, ಹಾಗಾಗಿ ನೋವಿದೆಯೇ ಎಂದು ಮೊದಲು ತಿಳಿಯಬೇಕು ಎಂದರು. ನೋವಿರಲಿಲ್ಲ. ಆಮೇಲೆ ಕೇಳಿದರು: 'ಮರಿ ಮನೆಗೆ ಬಂದದ್ದು ಯಾವಾಗ?'

2021ರ ಮೇ ಮೊದಲ ವಾರ. ಎರಡು ತಿಂಗಳ ಮರಿ. ಕೊರೊನಾ ಎರಡನೇ ಅಲೆ, ಮೇ 10ರಿಂದ ತಮಿಳುನಾಡಿನಲ್ಲಿ ಲಾಕ್‌ಡೌನ್. ಅವರು ತಲೆ ಅಲ್ಲಾಡಿಸಿದರು. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದವರೆಗೆ ನೋಡಿದ್ದನ್ನು ಮರಿ 'ಇದು ನಮ್ಮ ಲೋಕ' ಎಂದು ಒಪ್ಪಿಕೊಳ್ಳುತ್ತದಂತೆ. ಆಮೇಲೆ ಕಂಡದ್ದೆಲ್ಲ ಹೊಸದು, ಅನುಮಾನದ್ದು. ಕಡ್ಲೆ ಆ ವಾರಗಳಲ್ಲಿ ಕಂಡದ್ದು ನಮ್ಮಿಬ್ಬರನ್ನು ಮತ್ತು ಬಾಲ್ಕನಿಯ ಕಾಗೆಗಳನ್ನು. ಅದರ ಜೊತೆ ತಳಿಯ ಗುಣ. ಜರ್ಮನಿಯಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯ ಬಿಲಕ್ಕೇ ನುಗ್ಗಿ ಎದುರಿಸಲೆಂದು ಬೆಳೆಸಿದ ನಾಯಿ ಇದು. ಹಿಂಜರಿಯುವುದು ಇದರ ರಕ್ತದಲ್ಲಿಲ್ಲ. 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಮನುಷ್ಯರ ಮೇಲಿನ ಆಕ್ರಮಣದ ವಿಷಯದಲ್ಲಿ ಮುಂದೆ ನಿಂತದ್ದು ಪಿಟ್‌ಬುಲ್ ಅಲ್ಲ, ಡ್ಯಾಷ್‌ಹೌಂಡ್ ಮತ್ತು ಚಿವಾವಾಗಳಂಥ ಸಣ್ಣ ನಾಯಿಗಳು.

ಮಣಿಯ ಮೂಗಿನ ಗಾಯಕ್ಕೆ ಔಷಧಿ ಕೊಡಿಸಿದ್ದು ನಾನೇ. ಆದರೂ ಇಸ್ತ್ರಿ ಅಣ್ಣನ ಮುಖ ನೋಡಲು ನಾಚಿಕೆಯಾಗಿ ತಿಂಗಳುಗಟ್ಟಲೆ ಬೇರೆ ಬೀದಿ ಸುತ್ತಿ ಹೋಗುತ್ತಿದ್ದೆ. ಒಂದು ದಿನ ಅವರೇ ಕೂಗಿ ನಿಲ್ಲಿಸಿದರು. ನನ್ನ ಹರಕು ತಮಿಳಿನಲ್ಲಿ ಕ್ಷಮೆ ಕೇಳಿದೆ, 'ಇವನಿಗೆ ತುಂಬಾ ಕೋಪ ಅಣ್ಣ' ಎಂದೆ. ಅವರು ಕೆಂಡದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು ಹೇಳಿದರು: 'ಅದು ಕೋಬಂ ಇಲ್ಲಮ್ಮಾ, ಬಯಂ.' ವೈದ್ಯೆ ಅರ್ಧ ಗಂಟೆ ವಿವರಿಸಿದ್ದೂ ಇದನ್ನೇ. ಎದುರಿನವನು ಹತ್ತಿರ ಬರುವ ಮೊದಲೇ ಗದ್ದಲ ಮಾಡಿದರೆ ಅವನು ದೂರ ಹೋಗುತ್ತಾನೆ ಎಂದು ಕಡ್ಲೆ ಕಲಿತಿದ್ದ. ಪ್ರತಿ ಸಲವೂ ಅದು ಕೆಲಸ ಮಾಡಿತ್ತು, ಏಕೆಂದರೆ ಪ್ರತಿ ಸಲವೂ ಅವನನ್ನು ಎತ್ತಿಕೊಂಡು ದೂರ ಹೋದವಳು ನಾನೇ.

ನನ್ನ ಪಾಲು ಇನ್ನೂ ಇತ್ತು. ನನ್ನ ಗಂಡ ಒಂದು ಬೆಳಿಗ್ಗೆ ನಮ್ಮ ವಾಕಿಂಗನ್ನು ಹಿಂದಿನಿಂದ ವಿಡಿಯೊ ಮಾಡಿದರು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ, ತಪ್ಪು ಯಾವ ಹಂತದಲ್ಲಿ ಹುಟ್ಟುತ್ತದೆ ಎಂದು ಹುಡುಕುವುದೇ ಹೊಟ್ಟೆಪಾಡು. ವಿಡಿಯೊವನ್ನು ನಿಧಾನಗತಿಯಲ್ಲಿ ನೋಡಿದೆ. ದೂರದಲ್ಲಿ ನಾಯಿ ಕಂಡಿತು. ಕಡ್ಲೆ ಇನ್ನೂ ನೆಲ ಮೂಸುತ್ತಿದ್ದ. ನನ್ನ ಕೈ ಹಗ್ಗವನ್ನು ಎರಡು ಸುತ್ತು ಸುತ್ತಿಕೊಂಡು ಬಿಗಿ ಮಾಡಿತು. ಆಮೇಲೆ ಅವನು ತಲೆ ಎತ್ತಿದ. ಆಮೇಲೆ ಬೊಗಳಿದ. ಅಪಾಯ ಬಂತು ಎಂದು ಅವನಿಗೆ ಹೇಳುತ್ತಿದ್ದವಳು ನಾನು.

ವೈದ್ಯೆ ಕಲಿಸಿದ ಅಭ್ಯಾಸ ಕೇಳಲು ಸರಳ. ಕಾಲರ್ ಬದಲು ಎದೆಗೆ ಹಾಕುವ ಹಾರ್ನೆಸ್. ಹಗ್ಗ ಜೋಕಾಲಿಯಂತೆ ಸಡಿಲವಾಗಿ ತೂಗುತ್ತಿರಬೇಕು. ಬೇರೆ ನಾಯಿ ಕಾಣಬೇಕು, ಆದರೆ ಇವನು ಬೊಗಳದಷ್ಟು ದೂರದಲ್ಲಿ. ಕಂಡ ತಕ್ಷಣ ಪನೀರಿನ ಒಂದು ಚೂರು, ಕಡ್ಲೆಗೆ ಕಡ್ಲೆ ಗಾತ್ರದ್ದು. ನಾಯಿ ಮರೆಯಾದರೆ ಪನೀರೂ ನಿಲ್ಲಬೇಕು. ಮೊದಲು ನಾಯಿ, ನಂತರ ಪನೀರು. ಇದು ತಿರುಗುಮುರುಗಾದರೆ ಪನೀರು ಕಂಡಾಗಲೇ ಅವನಿಗೆ ಅನುಮಾನ ಶುರು. ಗುರ್ರೆಂದರೆ ಗದರಬಾರದು. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಮುಂದೆ ಎಚ್ಚರಿಕೆಯೇ ಕೊಡದೆ ಕಚ್ಚುತ್ತದೆ. ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ ಬುಟ್ಟಿಯಂಥ ಮೂತಿಕವಚ. ಬಾಯಿ ಬಿಗಿಯುವ ಬಟ್ಟೆಯದು ಬೇಡ. ನಾಯಿ ತೇಕುತ್ತಲೇ ಮೈ ತಂಪು ಮಾಡಿಕೊಳ್ಳುವುದು, ಚೆನ್ನೈ ಸೆಕೆಯಲ್ಲಿ ಬಾಯಿ ಕಟ್ಟಿದರೆ ಪ್ರಾಣಕ್ಕೇ ಅಪಾಯ.

ಅಭ್ಯಾಸಕ್ಕೆ ಶಾಂತವಾದ ಇನ್ನೊಂದು ನಾಯಿ ಬೇಕಲ್ಲ? ಮಣಿಗಿಂತ ಒಳ್ಳೆಯ ಮೇಷ್ಟ್ರು ಎಲ್ಲಿ? ಅವನ ಎಡಕಿವಿಯ ತುದಿ ಕತ್ತರಿಸಿದೆ, ಸಂತಾನಹರಣ ಚಿಕಿತ್ಸೆ ಆಗಿರುವ ಗುರುತು. ಚಿಕಿತ್ಸೆ ಮಾಡಿ ಅದೇ ಬೀದಿಗೆ ಬಿಡುವ ಈ ಕ್ರಮವನ್ನು 1964ರಲ್ಲೇ ಆರಂಭಿಸಿದ್ದು ಇದೇ ಊರಿನ ಬ್ಲೂ ಕ್ರಾಸ್. ಅದೇ ಬೀದಿ, ಅದೇ ನಾಯಿ, ದಿನವೂ ಅದೇ ಗಾಡಿಯ ಕೆಳಗೆ. ನಮಗೆ ಬೇಕಾದದ್ದೂ ಅದೇ.

ಬೆಳಿಗ್ಗೆ ಐದೂವರೆಗೆ, ರಸ್ತೆ ಕಾಯುವ ಮೊದಲು ಹೊರಡುತ್ತಿದ್ದೆವು. ಜೂನ್‌ನಲ್ಲಿ ಇಪ್ಪತ್ತೈದು ಮೀಟರ್ ದೂರದಿಂದ ಶುರು. ಎಷ್ಟು ದೂರಕ್ಕೆ ಬೊಗಳಿದ, ಎಷ್ಟು ಹೊತ್ತಿಗೆ ಸುಮ್ಮನಾದ ಎಂದು ಡೈರಿಯಲ್ಲಿ ಬರೆದಿಟ್ಟೆ. ಆಗಸ್ಟ್‌ನಲ್ಲಿ ಹನ್ನೆರಡು ಮೀಟರ್. ಡೈರಿಯನ್ನು ಸಂಘದ ಕಾರ್ಯದರ್ಶಿಗೆ ತೋರಿಸಿದೆ, ಪಾಲಿಕೆಯ ಪರವಾನಗಿ ಮತ್ತು ಲಸಿಕೆಯ ಪ್ರಮಾಣಪತ್ರದ ಜೊತೆಗೆ. ಗಡುವು ಮುಂದಕ್ಕೆ ಹೋಯಿತು, ಆಮೇಲೆ ಯಾರೂ ನೆನಪಿಸಲಿಲ್ಲ. ಅಕ್ಟೋಬರ್ 31ರ ದೀಪಾವಳಿಯ ಪಟಾಕಿ ಎಲ್ಲವನ್ನೂ ಕೆಡಿಸಿತು. ಹೆದರಿದ ಕಡ್ಲೆ ಮತ್ತೆ ಇಪ್ಪತ್ತು ಮೀಟರಿಗೆ ಬಂದು ನಿಂತ. ಅವತ್ತು ಡೈರಿ ಎಸೆಯುವಷ್ಟು ಬೇಸರವಾಗಿತ್ತು. ವೈದ್ಯೆ 'ನಾಲ್ಕು ದಿನ ಹೊರಗೇ ಹೋಗಬೇಡಿ, ಭಯ ಇಳಿಯಲು ಬಿಡಿ' ಎಂದರು. ಬಿಟ್ಟೆವು. ಪೊಂಗಲ್ ಹೊತ್ತಿಗೆ ಮೂರು ಮೀಟರ್.

ಕಡ್ಲೆಗೆ ಈಗಲೂ ನಾಯಿ ಸ್ನೇಹಿತರಿಲ್ಲ. ಬೆಸೆಂಟ್ ನಗರದ ಬೀಚಿನಲ್ಲಿ ಇತರ ನಾಯಿಗಳು ಒಟ್ಟಿಗೆ ಓಡುವುದನ್ನು ನೋಡಿದಾಗ ನನಗೆ ಸ್ವಲ್ಪ ಆಸೆಯಾಗುವುದು ನಿಜ. ಅದು ನನ್ನ ಆಸೆ, ಅವನದಲ್ಲ. ಅವನಿಗೆ ಬೇಕಿದ್ದದ್ದು ಯಾರೂ ಮೇಲೆ ಬೀಳದೆ ಬೀದಿಯಲ್ಲಿ ನಡೆದು ಹೋಗುವುದು. ಲಿಫ್ಟಿನಲ್ಲಿ ಇನ್ನೊಂದು ನಾಯಿ ಇದ್ದರೆ ಈಗಲೂ ನಾವು ಹತ್ತುವುದಿಲ್ಲ, ಕಾಯುತ್ತೇವೆ.

ಕಳೆದ ವರ್ಷ ಫೆಬ್ರುವರಿಯಲ್ಲಿ ಅಮ್ಮ ಬಂದಿದ್ದಳು. ಬೆಳಿಗ್ಗೆ ಹಗ್ಗವನ್ನು ಅವಳ ಕೈಗೇ ಕೊಟ್ಟೆ. ಇಸ್ತ್ರಿ ಗಾಡಿ ಹತ್ತಿರ ಬಂದಾಗ ನನ್ನ ಕೈ ತಾನಾಗಿ ಮುಷ್ಟಿ ಕಟ್ಟಿತು. ಅಮ್ಮನಿಗೆ ಏನೂ ಗೊತ್ತಿಲ್ಲ, ಹಗ್ಗ ಸಡಿಲವಾಗಿಯೇ ಇತ್ತು. ಗಾಡಿಯ ಕೆಳಗೆ ಮಣಿ ಒಂದು ಕಣ್ಣು ತೆರೆದ. ಕಡ್ಲೆ ಅವನನ್ನು ನೋಡಿದ, ನಿಂತ, ಮತ್ತೆ ತಿರುಗಿ ಪನೀರಿದ್ದ ನನ್ನ ಜೇಬನ್ನು ನೋಡಿದ.

'ಇದೇನೇ ಆ ರಾಕ್ಷಸ?' ಎಂದಳು ಅಮ್ಮ.