ನೆಟ್ ಇಲ್ಲದಿದ್ದರೂ ಬಂದ ಬ್ರೆಜಿಲ್‌ನವನು

ಗೆರೆ ಎಳೆದು ಜಾಗ ಹಿಡಿಯುವ ಆಟ ನಮಗೇನೂ ಹೊಸದಲ್ಲ. ಶಾಲೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಸಾಲಾಗಿ ಚುಕ್ಕಿ ಇಟ್ಟು, ಒಂದೊಂದೇ ಗೆರೆ ಸೇರಿಸಿ, ಚೌಕ ಮುಚ್ಚಿದ ಕೂಡಲೇ ಒಳಗೆ ನಮ್ಮ ಹೆಸರಿನ ಮೊದಲ ಅಕ್ಷರ ಬರೆಯುತ್ತಿದ್ದೆವಲ್ಲ, ಅದೇ. 19ನೇ ಶತಮಾನದಲ್ಲೇ ಅದರ ಬಗ್ಗೆ ಬರೆದವರು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾ. ಎಂಜಿನಿಯರಿಂಗ್ ಓದಿದವರಿಗೆ ರಿಕರ್ಷನ್ ಪಾಠದಲ್ಲಿ ತಲೆ ತಿಂದ ‘ಟವರ್ ಆಫ್ ಹನಾಯ್’ ಕೂಡ ಅವರದೇ!

ವಿಡಿಯೊ ಗೇಮ್‌ಗಳಲ್ಲಿ ಈ ಜಾತಿಗೆ ಹೆಸರು ತಂದದ್ದು ಟೈಟೊ ಕಂಪನಿಯ ‘ಕಿಕ್ಸ್’. 1981ರದ್ದು, ಮಾಡಿದವರು ರ‍್ಯಾಂಡಿ ಮತ್ತು ಸ್ಯಾಂಡಿ ಫೈಫರ್ ದಂಪತಿ. ಖಾಲಿ ಪರದೆಯ ಅಂಚಿನಿಂದ ಹೊರಟು, ಗೆರೆ ಎಳೆದು, ಮತ್ತೆ ಅಂಚಿಗೆ ಮುಟ್ಟಿದರೆ ಸುತ್ತುವರಿದ ಜಾಗ ನಿಮ್ಮದು. ಮುಟ್ಟುವ ಮೊದಲೇ, ನಡುವೆ ಹಾರಾಡುವ ಬಣ್ಣದ ಕಡ್ಡಿಗಳ ಗೊಂಚಲು ನಿಮ್ಮ ಗೆರೆಗೆ ತಗುಲಿದರೆ ಜೀವ ಹೋಯಿತು. ಸಾಮಾನ್ಯವಾಗಿ ಶೇ 75ರಷ್ಟು ಜಾಗ ಹಿಡಿದರೆ ಒಂದು ಹಂತ ಮುಗಿಯುತ್ತದೆ. ಗೆರೆಯನ್ನು ನಿಧಾನವಾಗಿ ಎಳೆದರೆ ಎರಡು ಪಟ್ಟು ಅಂಕ. ನಡುದಾರಿಯಲ್ಲಿ ಹೆದರಿ ನಿಂತಿರೋ, ನಿಮ್ಮ ಗೆರೆಯೇ ಹಿಂದಿನಿಂದ ಬತ್ತಿಯಂತೆ ಉರಿಯುತ್ತಾ ಬರುತ್ತದೆ. 1984ರಲ್ಲಿ ಡಾಸ್ ಕಂಪ್ಯೂಟರಿಗೆ ‘ಝೋನಿಕ್ಸ್’ ಬಂತು. 2016ರ ‘ಪೇಪರ್ ಡಾಟ್ ಐಓ’ ಹೊತ್ತಿಗೆ ಆ ಕಡ್ಡಿ ಗೊಂಚಲು ಮಾಯವಾಗಿ, ನಮ್ಮ ಬಾಲ ಕತ್ತರಿಸಲು ಬೇರೆ ಆಟಗಾರರೇ ಬಂದರು.

ನಾನಿರುವುದು ತ್ರಿಪ್ಲಿಕೇನ್‌ನಲ್ಲಿ. ತಮಿಳರ ಬಾಯಲ್ಲಿ ತಿರುವಲ್ಲಿಕ್ಕೇಣಿ. ಪಾರ್ಥಸಾರಥಿ ದೇವಸ್ಥಾನ, ಚೆಪಾಕ್ ಸ್ಟೇಡಿಯಂ, ಹಿಂದೆಯೇ ಮರೀನಾ. ಊರು ಬಿಟ್ಟು ಬಂದ ಬ್ರಹ್ಮಚಾರಿಗಳಿಗೆ ಮಾತ್ರ ಇದು ‘ಮ್ಯಾನ್ಷನ್’ಗಳ ಬೀದಿ. ಹೆಸರು ಕೇಳಿ ಅರಮನೆ ಎಂದುಕೊಳ್ಳಬೇಡಿ. ಒಂದು ಮಂಚ, ಒಂದು ಫ್ಯಾನು, ಗೋಡೆಯ ಮೊಳೆಗೆ ನೇತುಹಾಕಿದ ಅಂಗಿ. ಬೆಳಿಗ್ಗೆ ಎಂಆರ್‌ಟಿಎಸ್ ರೈಲು ಹಿಡಿದು ತಿರುವಾನ್ಮಿಯೂರಿನ ಕಡೆ ಆಫೀಸು, ರಾತ್ರಿ ಅದೇ ಕೋಣೆ. ಪಕ್ಕದ ಬಾಗಿಲಿನವನ ಹೆಸರು ತಿಳಿಯಲು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ನಮ್ಮ ಮ್ಯಾನ್ಷನ್‌ಗೆ ಕಳೆದ ವರ್ಷ ಗದಗ ಕಡೆಯ ಹುಡುಗನೊಬ್ಬ ಬಂದ. ಮೊದಲ ಕೆಲಸ, ತಮಿಳು ಬಾರದು. ಎಂಟು ತಿಂಗಳಾದರೂ ಅವನಿಗೆ ಆಫೀಸಿನಾಚೆ ಒಬ್ಬ ಗೆಳೆಯನಿರಲಿಲ್ಲ. ರಾತ್ರಿ ಊಟ ಮುಗಿಸಿ ಜಾಗ ಹಿಡಿಯುವ ಮೊಬೈಲ್ ಆಟಕ್ಕೆ ಕೂತರೆ ಹನ್ನೆರಡರವರೆಗೂ ಅದೇ. ಕಾರಿಡಾರಿನಲ್ಲಿ ಸಿಕ್ಕಾಗ ವರದಿ ಒಪ್ಪಿಸುತ್ತಿದ್ದ: “ಅಣ್ಣಾರ, ಇವತ್ತ ಬ್ರೆಜಿಲ್‌ನಾವನ್ನ ಹೊಡದೆ ನೋಡ್ರಿ.” ಆ ಬ್ರೆಜಿಲ್‌ನವನೇ ಅವನ ಪರಿಚಯದ ಬಳಗ.

ಒಂದು ರಾತ್ರಿ ವೈಫೈ ಕೆಟ್ಟಿತ್ತು, ಅವನ ಡೇಟಾ ಪ್ಯಾಕೂ ಮುಗಿದಿತ್ತು. ಬಾಗಿಲು ಬಡಿದು ಕೇಳಿದ: “ನೆಟ್ ಇಲ್ರಿ ಅಣ್ಣಾರ, ಇವ್ರೆಲ್ಲಾ ಹೆಂಗ್ ಬಂದ್ರು?” ಪರದೆಯ ಮೇಲೆ ಬಾವುಟ, ಹೆಸರು ಸಮೇತ ಎದುರಾಳಿಗಳು ಓಡಾಡುತ್ತಲೇ ಇದ್ದರು. ಎಲ್ಲರೂ ಅವನ ಫೋನಿನೊಳಗೇ ಹುಟ್ಟಿದ ಬಾಟ್‌ಗಳು. ಇಂಥ ಆಟಗಳೆಲ್ಲ ಹೀಗೆ ಎನ್ನಲಾರೆ. ನಿಮಗೂ ಅನುಮಾನವಿದ್ದರೆ ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ ನೋಡಿ. ಹುಡುಗ ಮಾತ್ರ ಆಮೇಲೆ ಒಂದು ವಾರ ಯಾರನ್ನು ಹೊಡೆದೆ ಎಂದು ಹೇಳಲಿಲ್ಲ. ಅದೇ ನನ್ನನ್ನು ಕಾಡಿತು.

ಎರಡು ಶನಿವಾರ ಕೂತು ಬ್ರೌಸರಿನಲ್ಲಿ ನಾಲ್ವರು ಆಡಬಹುದಾದ ಸಣ್ಣ ಆಟ ಬರೆದೆ. ನನ್ನ ಲ್ಯಾಪ್‌ಟಾಪೇ ಸರ್ವರ್. ಇದರಲ್ಲೊಂದು ಮಜಾ ಇದೆ. ಆಟಗಾರ ಗೆರೆ ಮುಚ್ಚಿದಾಗ ‘ಒಳಗೆ’ ಯಾವುದು ಎಂಬುದು ಕಣ್ಣಿಗೆ ತಟ್ಟನೆ ಕಾಣುತ್ತದೆ, ಕಂಪ್ಯೂಟರಿಗೆ ಕಾಣುವುದಿಲ್ಲ. ಅದು ಮೈದಾನದ ಹೊರ ಅಂಚಿನಿಂದ ನೀರು ಬಿಟ್ಟಂತೆ ಮನೆಯಿಂದ ಮನೆಗೆ ಹರಿಯುತ್ತದೆ. ಇದಕ್ಕೆ ಫ್ಲಡ್ ಫಿಲ್ ಎನ್ನುತ್ತಾರೆ. ನೀರು ಮುಟ್ಟದೆ ಉಳಿದದ್ದೆಲ್ಲ ನಿಮ್ಮದು.

ಮೊದಲ ರಾತ್ರಿ ಮೂವರಿದ್ದೆವು: ನಾನು, ಹುಡುಗ, ಮತ್ತು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ತಿರುನೆಲ್ವೇಲಿಯವರೊಬ್ಬರು. ಹುಡುಗನದು ಭಾರೀ ಆಸೆ. ಅರ್ಧ ಮೈದಾನ ಸುತ್ತಿಬರುವ ಗೆರೆ. ಬಾಟ್‌ಗಳ ಎದುರು ಅದು ನಡೆದಿತ್ತು. ತಿರುನೆಲ್ವೇಲಿಯವರು ತಮ್ಮ ಗಡಿ ಬಿಟ್ಟು ನಾಲ್ಕೇ ಹೆಜ್ಜೆ ಹೋಗಿ ವಾಪಸ್ ಬರುವವರು. ಹುಡುಗನ ಬಾಲ ಉದ್ದವಾಗುವುದನ್ನು ಕಾದು, ಸುಮ್ಮನೆ ಹೋಗಿ ಕತ್ತರಿಸಿ “ಪೋಚ್ಚು!” ಅಂದರು. ಅವನು ಕಲಿತ ಮೊದಲ ತಮಿಳು ಪದ ಬಹುಶಃ ಅದೇ. ಆರನೇ ಸಲ ಸತ್ತಾಗ ಅವನು ಜೋರಾಗಿ ನಕ್ಕ. ಬ್ರೆಜಿಲ್‌ನವನನ್ನು ಹೊಡೆದಾಗಲೂ ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ.

ಈಗ ವಾರಕ್ಕೆರಡು ರಾತ್ರಿ ಆಟ, ಮುಗಿದ ಮೇಲೆ ಬೀದಿಯ ಟೀ ಅಂಗಡಿ. ಒಂದು ಜಗಳ ಇನ್ನೂ ಬಗೆಹರಿದಿಲ್ಲ. ನಮ್ಮ ಸರ್ವರ್ ಸೆಕೆಂಡಿಗೆ ಹತ್ತು ಸಲ ಲೆಕ್ಕ ಹಾಕುತ್ತದೆ. ಒಂದೇ ಲೆಕ್ಕದಲ್ಲಿ ಒಬ್ಬ ಮನೆ ಮುಟ್ಟಿ, ಇನ್ನೊಬ್ಬ ಅವನ ಬಾಲ ಕತ್ತರಿಸಿದರೆ? ಮುಟ್ಟಿದವನಿಗೇ ಜಾಗ ಎಂದು ಹುಡುಗನ ವಾದ, ಕತ್ತರಿಸಿದವನಿಗೆ ಎಂದು ತಿರುನೆಲ್ವೇಲಿಯವರದು. ಸದ್ಯಕ್ಕೆ ಇಬ್ಬರೂ ಸಾಯುವಂತೆ ಬರೆದಿಟ್ಟಿದ್ದೇನೆ. ಇಬ್ಬರೂ ಒಪ್ಪಿಲ್ಲ.